‘ಏನಿಲ್ಲಮ್ಮ, ಹೋಗು’ ಅಂದಾಗ ನನಗೆ ಹಾಯೆನಿಸಿದ್ದು ಯಾಕೆ?

ಮೂರನೇ ಮಹಡಿ ಕೇಳಿದ್ದು:

ಹನ್ನೊಂದು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ ‘ಅಷ್ಟಕ್ಕೇನಾ?’ ಅಂತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಆಫೀಸು ಮೂರನೇ ಮಹಡಿಯಲ್ಲಿದೆ. ಆವತ್ತು ಲಿಫ್ಟ್ ಕೆಟ್ಟಿತ್ತು. ಒಂಬತ್ತೂವರೆಗೆ ಮೀಟಿಂಗು, ಅದರಲ್ಲಿ ಮೊದಲು ನಾನೇ ಮಾತಾಡಬೇಕು, ಗಂಟೆ ಆಗಲೇ ಒಂಬತ್ತು ಇಪ್ಪತ್ತೇಳು. ಎರಡನೇ ಮಹಡಿ ದಾಟಿದ ಮೇಲೆ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಬಿದ್ದಿತ್ತು. ಬಲಗಾಲಿನದು, ಹಿಮ್ಮಡಿ ಸವೆದದ್ದು. ಅದನ್ನು ದಾಟಿ ಮೇಲೆ ನೋಡಿದರೆ ಮೂರು ಮೆಟ್ಟಿಲಾಚೆ ಒಬ್ಬರು ವಯಸ್ಸಾದವರು ಕೂತಿದ್ದರು. ಒಂದು ಕೈ ಕಂಬಿಯ ಮೇಲೆ. ಇನ್ನೊಂದು ಕೈಯಲ್ಲಿ ಒಂದು ಫೈಲು, ಅದನ್ನು ಎದೆಗೆ ಒತ್ತಿಕೊಂಡಿದ್ದರು. ಬಲಗಾಲು ಬರಿಗಾಲು.

‘ಏನಾಯ್ತು ಸರ್?’ ಅಂದೆ. ನಿಲ್ಲಲಿಲ್ಲ, ಮೆಟ್ಟಿಲು ಹತ್ತುತ್ತಲೇ ಕೇಳಿದೆ. ಅವರು ತಲೆಯೆತ್ತಿ, ‘ಏನಿಲ್ಲಮ್ಮ, ಹೋಗು’ ಅಂದರು. ನಾನು ಹೋದೆ.

ಹೋದದ್ದಕ್ಕೂ ಬೇಜಾರಿದೆ, ಆದರೆ ಕೊರೆಯುತ್ತಿರುವುದು ಅದಲ್ಲ. ಅವರು ‘ಹೋಗು’ ಅಂದ ಗಳಿಗೆಯಲ್ಲಿ ನನ್ನ ಮೈ ಸಡಿಲವಾಯಿತು. ಹೋಂವರ್ಕ್ ಮಾಡದೆ ಸ್ಕೂಲಿಗೆ ಹೋದ ದಿನ ಟೀಚರ್ ರಜೆ ಅಂತ ಗೊತ್ತಾದರೆ ಒಂದು ಖುಷಿ ಆಗುತ್ತಲ್ಲ, ಥೇಟ್ ಅಂಥದ್ದು. ಬಿದ್ದವರನ್ನು ನೋಡಿ ಮರುಕ ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ಖುಷಿ.

ಮೀಟಿಂಗ್ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು. ಆ ಇಪ್ಪತ್ತು ನಿಮಿಷವೂ ಕುರ್ಚಿಯಲ್ಲಿ ಸುಮ್ನೆ ಕೂತಿದ್ದೆ. ಎದ್ದು ಒಂದು ಮಹಡಿ ಇಳಿದು ನೋಡಬಹುದಿತ್ತು. ನೋಡಲಿಲ್ಲ. ಹತ್ತೂವರೆಗೆ ಹೋದಾಗ ಅವರೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ.

ದೂರದಲ್ಲೆಲ್ಲೋ ಭೂಕಂಪ ಆದರೆ ಟಿವಿ ಮುಂದೆ ಕೂತು ಅಳುವವಳು ನಾನು. ಹಾಗಾದರೆ ನನ್ನ ನಿಜವಾದ ಸ್ವಭಾವ ಯಾವುದು? ಆ ಅಳುವಾ, ಮೆಟ್ಟಿಲ ಮೇಲಿನ ಈ ಖುಷಿಯಾ? ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ?

ಸೀಮೆಸುಣ್ಣ ಬರೆದದ್ದು:

ಆಗಿದೆ. ಒಂದೆರಡು ಸಲವಲ್ಲ. ನನ್ನ ಕಥೆ ಇರಲಿ, ಚಪ್ಪಲಿ ದಾಟಿದೆ ಅಂದಿರಲ್ಲ, ಅದನ್ನು ಓದಿ ಒಂದು ಹಳೇ ಪ್ರಯೋಗ ನೆನಪಾಯಿತು. ಮೂವತ್ತು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವನು ನಾನು. ಇದನ್ನು ಹೇಳದೆ ಯಾವ ವರ್ಷವೂ ಮುಗಿಸಿದ್ದಿಲ್ಲ.

1973ರಲ್ಲಿ ಪ್ರಕಟವಾದದ್ದು. ಮಾಡಿದವರು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಹುಡುಗರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್‌ನ ಒಳ್ಳೆಯ ಸಮಾರ್ಯದವನ ಕಥೆ. ದಾರಿಯಲ್ಲಿ ಏಟು ತಿಂದು ಬಿದ್ದವನನ್ನು ದೇವರ ಸೇವೆ ಮಾಡುವ ದೊಡ್ಡವರು ನೋಡಿಯೂ ಹೊರಟು ಹೋಗುತ್ತಾರೆ, ಯಾರೂ ನೆಚ್ಚದ ಪರಕೀಯನೊಬ್ಬ ನಿಂತು ಎತ್ತುತ್ತಾನೆ, ಆ ಕಥೆ. ಈ ಹುಡುಗರು ಹೋಗುವ ಓಣಿಯಲ್ಲೂ ಒಬ್ಬ ಕುಸಿದು ಕೂತಿರುತ್ತಾನೆ. ಕೆಮ್ಮುತ್ತಾನೆ, ನರಳುತ್ತಾನೆ. ಅವನು ಪ್ರಯೋಗದವರೇ ಕೂರಿಸಿದ ಆಳು.

‘ಇನ್ನೂ ಹೊತ್ತಿದೆ’ ಅಂತ ಹೇಳಿ ಕಳಿಸಿದವರಲ್ಲಿ ಶೇ. 63 ಜನ ಏನಾದರೊಂದು ಸಹಾಯ ಮಾಡಿದರು. ಸಾಧಾರಣ ಅವಸರದವರಲ್ಲಿ ಶೇ. 45. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಅಂತ ಕಳಿಸಿದವರಲ್ಲಿ ಶೇ. 10. ಸಮಾರ್ಯದವನ ಬಗ್ಗೆ ಮಾತಾಡಲು ಹೊರಟವರೇ ಕೆಲವರು ಬಿದ್ದವನನ್ನು ದಾಟಿಕೊಂಡು ಹೋದರು!

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಎಲ್ಲರೂ ನಗುತ್ತಿದ್ದರು. ಆದರೆ ನನಗೆ ಆ ಲೇಖನದಲ್ಲಿ ಇಷ್ಟವಾದ ಜಾಗ ಬೇರೆ. ನಿಲ್ಲದೆ ಹೋದವರು ಆ ಕಡೆಯ ಕಟ್ಟಡ ಸೇರಿದಾಗ ಕಳವಳದಲ್ಲಿದ್ದರು ಅಂತ ಬರೆದಿದ್ದಾರೆ. ಕಲ್ಲು ಮನಸ್ಸಿನವರಿಗೆ ಕಳವಳ ಯಾಕೆ ಆಗಬೇಕು? ಆ ಕಡೆ ಒಬ್ಬರು ಕಾಯುತ್ತಿದ್ದಾರೆ, ಈ ಕಡೆ ಒಬ್ಬ ನರಳುತ್ತಿದ್ದಾನೆ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದರು.

ಇನ್ನು ನಿಮ್ಮ ‘ಖುಷಿ’. ಅದೇ ಬ್ಯಾಟ್ಸನ್ 1981ರಲ್ಲಿ ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದ. ಎಲೇನ್ ಎಂಬ ಹುಡುಗಿಗೆ ಕರೆಂಟ್ ಶಾಕ್ ಕೊಡುವುದನ್ನು ಟಿವಿಯಲ್ಲಿ ನೋಡಬೇಕು. ಶಾಕು ನಿಜವಲ್ಲ, ನೋಡುವವರಿಗೆ ಅದು ಗೊತ್ತಿಲ್ಲ. ಬೇಕಾದರೆ ಅವಳ ಜಾಗಕ್ಕೆ ನೀವು ಹೋಗಬಹುದು. ಕೆಲವರಿಗೆ ‘ಎರಡು ಸಲ ನೋಡಿದರೆ ಸಾಕು, ಎದ್ದು ಹೋಗಬಹುದು’ ಅಂದರು. ಉಳಿದವರು ಕೊನೆಯವರೆಗೂ ನೋಡಲೇಬೇಕು. ಜೊತೆಗೆ ಕೆಲವರಿಗೆ ‘ಎಲೇನ್ ನಿಮ್ಮ ಥರದವಳೇ’ ಅಂತ ನಂಬಿಸಿದರು, ಕೆಲವರಿಗೆ ‘ನಿಮಗೂ ಅವಳಿಗೂ ಏನೇನೂ ಹೋಲಿಕೆ ಇಲ್ಲ’ ಅಂತ. ಎದ್ದು ಹೋಗಲು ಬಿಟ್ಟಾಗ, ಹೋಲಿಕೆ ಇಲ್ಲ ಅಂದುಕೊಂಡ 11 ಜನರಲ್ಲಿ 2 ಜನ ಮಾತ್ರ ಅವಳ ಜಾಗಕ್ಕೆ ಹೋಗಲು ಒಪ್ಪಿದರು. ‘ನನ್ನ ಥರದವಳೇ’ ಅಂದುಕೊಂಡ 11 ಜನರಲ್ಲಿ 10 ಜನ ಒಪ್ಪಿದರು. ಬಾಗಿಲು ತೆರೆದೇ ಇತ್ತು, ಆದರೂ ಹೋಗಲಿಲ್ಲ.

ಇನ್ನೊಬ್ಬರ ನೋವು ಕಂಡಾಗ ನಮ್ಮೊಳಗೆ ಏಳುವುದು ಎರಡು. ಒಂದು, ನೋಡಲಾಗದ ನಮ್ಮದೇ ಸಂಕಟ. ಇನ್ನೊಂದು, ಅವರ ಮೇಲಿನ ಕಾಳಜಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದಕ್ಕೆ ಹೊರಗೆ ಹೋಗುವ ಬಾಗಿಲು ಸಿಕ್ಕರೆ ಸಾಕು, ಅಲ್ಲೇ ತಣ್ಣಗಾಗುತ್ತದೆ. ಅವರು ‘ಏನಿಲ್ಲಮ್ಮ, ಹೋಗು’ ಅಂದು ನಿಮಗೆ ಬಾಗಿಲು ತೆಗೆದರು. ನಿಮ್ಮ ಟಿವಿ ಮುಂದಿನ ಅಳುವನ್ನೂ ಒಮ್ಮೆ ಹೀಗೆ ನೋಡಿ. ಅದರಲ್ಲಿ ಎಷ್ಟು ಪಾಲು ಅವರದು, ಎಷ್ಟು ನಿಮ್ಮದು ಅಂತ. ಬೈಯುತ್ತಿಲ್ಲ, ನನ್ನದನ್ನು ಲೆಕ್ಕ ಹಾಕಿ ನಾನೂ ಬೆಚ್ಚಿದ್ದೇನೆ.

ನೇರಮಾತು ಬರೆದದ್ದು:

ಇಷ್ಟುದ್ದ ಯಾಕೆ ಸ್ವಾಮಿ? ಮನುಷ್ಯ ಸ್ವಾರ್ಥಿ, ಮುಗೀತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಅನ್ನೋ ಹೆಣ್ಣುಮಗಳನ್ನು ಇರಿದು ಕೊಂದಾಗ 38 ಜನ ಕಿಟಕಿಯಿಂದ ನೋಡ್ತಾ ನಿಂತಿದ್ದರು. ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ಮಾನವೀಯತೆ ಅನ್ನೋದೆಲ್ಲ ಪುರುಸೊತ್ತು ಇರುವಾಗ ಆಡೋ ಮಾತು. ಮೂರನೇ ಮಹಡಿಯವರೇ, ನೀವು ಕೆಟ್ಟವರಲ್ಲ, ಮಾಮೂಲಿ ಮನುಷ್ಯರು. ಆರಾಮಾಗಿ ನಿದ್ದೆ ಮಾಡಿ.

ಸೀಮೆಸುಣ್ಣ ಬರೆದದ್ದು:

ನೇರಮಾತು ಅವರೇ, ಆ 38ರ ಕಥೆಯನ್ನು ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದೆ. ತಪ್ಪು ಪಾಠ ಮಾಡಿದೆ. ಎಷ್ಟು ಬ್ಯಾಚು ಅದನ್ನೇ ನಂಬಿ ಹೋದವೋ.

38 ಜನ ನಿಂತು ನೋಡಿದರು ಅನ್ನುವುದು ಪತ್ರಿಕೆ ಉಬ್ಬಿಸಿದ್ದು. ಹೆಚ್ಚಿನವರಿಗೆ ಕೇಳಿಸಿದ್ದು ಒಂದು ಕೂಗು ಮಾತ್ರ. ಅದು ನಡೆದದ್ದು ನಡುರಾತ್ರಿ ಮೂರು ಗಂಟೆ ದಾಟಿದ ಮೇಲೆ. ಆ ವರದಿ ಮಾಡಿದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ಅದರಲ್ಲಿ ದೋಷಗಳಿದ್ದವು ಅಂತ ಒಪ್ಪಿಕೊಂಡಿತು. ಸುಮ್ಮನಿದ್ದವರು ಇರಲಿಲ್ಲ ಅಂತಲ್ಲ, ಇದ್ದರು. ಆದರೆ ನಾವ್ಯಾರೂ ಹೇಳದ ಒಂದು ಹೆಸರು ಸೋಫಿಯಾ ಫೆರಾರ್. ಕಿಟ್ಟಿಯ ನೆರೆಮನೆಯವಳು. ಕೊಲೆಗಾರ ಹೋಗಿದ್ದಾನೋ ಇನ್ನೂ ಅಲ್ಲೇ ಇದ್ದಾನೋ ಗೊತ್ತಿಲ್ಲ. ಆದರೂ ಕೆಳಗೆ ಓಡಿದಳು, ಸಾಯುತ್ತಿದ್ದ ಕಿಟ್ಟಿಯನ್ನು ತೋಳಿನಲ್ಲಿ ಹಿಡಿದುಕೊಂಡು ಕೂತಳು. 38 ಜನ ನೋಡ್ತಾ ನಿಂತರು ಅನ್ನುವ ಕಥೆಯೊಳಗೆ ಅವಳನ್ನು ಕೂರಿಸಲು ಜಾಗ ಇರಲಿಲ್ಲ, ಬಿಟ್ಟುಬಿಟ್ಟರು.

2019ರಲ್ಲಿ ಇನ್ನೊಂದು ಅಧ್ಯಯನ ಬಂತು. ಬ್ರಿಟನ್, ನೆದರ್ಲ್ಯಾಂಡ್ಸ್, ದಕ್ಷಿಣ ಆಫ್ರಿಕಾದ ಬೀದಿಗಳಲ್ಲಿ ಸಿಸಿಟಿವಿಗೆ ಸಿಕ್ಕ 219 ಜಗಳಗಳು. ಹತ್ತರಲ್ಲಿ ಒಂಬತ್ತು ಕಡೆ ಗುರುತು ಪರಿಚಯ ಇಲ್ಲದವರೂ ಸೇರಿ ಯಾರಾದರೊಬ್ಬರು ನಡುವೆ ಬಂದಿದ್ದರು. ಅಲ್ಲಿ ನಟನೆ ಇಲ್ಲ, ಪ್ರಯೋಗ ಇಲ್ಲ, ಕ್ಯಾಮೆರಾ ಇದೆ ಅನ್ನುವ ನೆನಪೂ ಬಹುಶಃ ಯಾರಿಗೂ ಇಲ್ಲ.

ಹಾಗಂತ ಮನುಷ್ಯ ದೇವರು ಅಂತ ನಾನು ಹೇಳುತ್ತಿಲ್ಲ. 1968ರಲ್ಲಿ ಅದೇ ಡಾರ್ಲಿ, ಲಟಾನೆ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ಇಬ್ಬರೂ ಸೇರಿ ಜನ ಕೂತಿದ್ದ ಒಂದು ಕೋಣೆಯೊಳಗೆ ಹೊಗೆ ಬಿಟ್ಟು ನೋಡಿದರು. ಒಬ್ಬನೇ ಇದ್ದಾಗ ಶೇ. 75 ಜನ ಎದ್ದು ಹೋಗಿ ಹೇಳಿದರು. ಏನೂ ಆಗಿಲ್ಲ ಅನ್ನುವ ಹಾಗೆ ಕೂತಿರಲು ಮೊದಲೇ ಹೇಳಿದ್ದ ಇಬ್ಬರು ಪಕ್ಕದಲ್ಲಿದ್ದಾಗ ಶೇ. 10. ಕಣ್ಣು ಉರಿಯುತ್ತಿತ್ತು, ಕೆಮ್ಮುತ್ತಿದ್ದರು, ಆದರೂ ಪಕ್ಕದವರ ಮುಖ ನೋಡಿ ಕೂತೇ ಇದ್ದರು. ಅದು ಸ್ವಾರ್ಥ ಅಂತೀರಾ? ಹೊಗೆ ಕುಡಿದು ಯಾರಿಗೆ ಏನು ಲಾಭ?

ನೇರಮಾತು ಬರೆದದ್ದು:

ಸರಿ, ಸೋಫಿಯಾ ವಿಷಯ ಗೊತ್ತಿರಲಿಲ್ಲ. ಆ ಕಥೆ ವಾಪಸ್ ತಗೋತೀನಿ. ಸ್ವಾರ್ಥದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ರಾತ್ರಿಪಾಳಿ ಬರೆದದ್ದು:

ಹತ್ತೊಂಬತ್ತು ವರ್ಷದಿಂದ ನರ್ಸ್ ನಾನು. ‘ಏನಿಲ್ಲ ಸಿಸ್ಟರ್’ ಅನ್ನುವುದು ನಾನು ಅತಿ ಹೆಚ್ಚು ಕೇಳಿರುವ ಮಾತು. ಹೊಲಿಗೆ ಬಿಚ್ಚಿಕೊಂಡವರೂ ಅದನ್ನೇ ಹೇಳಿದ್ದಾರೆ.

ಮೊದಲು ಕೆಲಸದ ಮಾತು. ಎದೆಗೆ ಫೈಲು ಒತ್ತಿಕೊಂಡಿದ್ದರು ಅಂದಿರಿ. ಓದುವಾಗ ನನ್ನ ಕಣ್ಣು ಅಲ್ಲೇ ನಿಂತಿತು. ಕೂತವರು ಬೆವರುತ್ತಿದ್ದಾರಾ, ಉಸಿರಿಗೆ ಕಷ್ಟಪಡುತ್ತಿದ್ದಾರಾ, ಎದೆ ಹಿಡಿದುಕೊಂಡಿದ್ದಾರಾ, ಮಾತು ತೊದಲುತ್ತಾ, ಬಾಯಿ ಒಂದು ಕಡೆ ವಾಲಿದೆಯಾ, ಒಂದು ಕೈ ಎತ್ತಲು ಆಗುತ್ತಿಲ್ಲವಾ, ಇಷ್ಟು ನೋಡಿ. ಇದರಲ್ಲಿ ಒಂದಿದ್ದರೂ ಅವರು ಎಷ್ಟು ಸಲ ‘ಏನಿಲ್ಲ’ ಅಂದರೂ ಬಿಡಬೇಡಿ, ಆಂಬುಲೆನ್ಸ್ ಕರೆಯಿರಿ. ಆಮೇಲೆ ಬೈಸಿಕೊಂಡರಾಯಿತು.

ಇನ್ನು ನಿಮ್ಮ ಬೇಜಾರಿನ ವಿಷಯ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಎಲ್ಲರ ಜೊತೆ ಅಳುತ್ತಿದ್ದೆ. ಬ್ಯಾಂಡೇಜ್ ಡಬ್ಬಿ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳುವುದು. ನನ್ನದು ತುಂಬ ಮೆದು ಮನಸ್ಸು ಅಂತ ಒಳಗೊಳಗೇ ಹೆಮ್ಮೆಯೂ ಇತ್ತು. ಬರ್ತಾ ಬರ್ತಾ ಏನಾಯಿತು ಗೊತ್ತಾ? ಹಾಸಿಗೆಯ ಗಂಟೆ ಹೊಡೆದರೆ ಕೇಳಿಸದ ಹಾಗೆ ಇರಲು ಶುರು ಮಾಡಿದೆ. ಬೇರೆಯವರು ಹೋದರೆ ಹಾಯೆನಿಸುತ್ತಿತ್ತು. ನಿಮ್ಮ ಹೋಂವರ್ಕ್ ಖುಷಿಯೇ ಅದು.

ನಮ್ಮ ಹಿರಿಯ ಸಿಸ್ಟರ್ ಒಮ್ಮೆ ಹಿಡಿದುಹಾಕಿದರು. ‘ನೀನು ಅಳ್ತಾ ನಿಂತರೆ ಆ ರೋಗಿ ನಿನ್ನನ್ನು ಸಮಾಧಾನ ಮಾಡ್ಬೇಕಾಗುತ್ತೆ. ಹೋಗು, ದಿಂಬು ಸರಿ ಮಾಡಿ ಬಾ’ ಅಂದರು. ಸಿಟ್ಟು ಬಂತು. ಹೋಗಿ ದಿಂಬು ಸರಿ ಮಾಡಿದೆ. ಆಮೇಲೆ ನೀರಿನ ಲೋಟ ಕೈಗೆಟುಕುವ ಕಡೆ ಇಟ್ಟೆ. ಕೈ ಕೆಲಸ ಮಾಡುತ್ತಿರುವಾಗ ಅಳು ಬರಲಿಲ್ಲ, ಓಡಿ ಹೋಗಬೇಕು ಅಂತಲೂ ಅನಿಸಲಿಲ್ಲ. ತಾನಿಯಾ ಸಿಂಗರ್ ಅನ್ನುವ ಸಂಶೋಧಕಿಯ ತಂಡ ಇದನ್ನೇ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದು ನಾನು ಓದಿದ್ದು ಬಹಳ ವರ್ಷ ಆದಮೇಲೆ. ಬೇರೆಯವರ ನೋವನ್ನು ನಾವೂ ಅನುಭವಿಸುವ ಅಭ್ಯಾಸ ಮಾಡಿಸಿದರೆ ಜನ ಕುಗ್ಗಿದರು. ಅವರಿಗೆ ಒಳ್ಳೆಯದಾಗಲಿ ಅಂತ ಹಾರೈಸುವ ಅಭ್ಯಾಸ ಮಾಡಿಸಿದರೆ ಮನಸ್ಸು ಚೇತರಿಸಿಕೊಂಡಿತು. ನಮ್ಮ ಸಿಸ್ಟರ್ ಸ್ಕ್ಯಾನ್ ಇಲ್ಲದೆಯೇ ಹೇಳಿದ್ದರು.

ಒಂದು ಉಪಾಯ ಹೇಳುತ್ತೇನೆ. ಬಿದ್ದವರನ್ನು ‘ಏನಾಯ್ತು?’ ಅಂತ ಕೇಳಬೇಡಿ. ಅದಕ್ಕೆ ‘ಏನಿಲ್ಲ’ ಅನ್ನುವ ಉತ್ತರ ಬಾಯಲ್ಲೇ ಸಿದ್ಧವಾಗಿರುತ್ತದೆ. ‘ನೀರು ಕೊಡ್ಲಾ? ಯಾರಿಗಾದರೂ ಫೋನ್ ಮಾಡ್ಲಾ?’ ಅನ್ನಿ. ಒಂದು ಮೆಟ್ಟಿಲು ಕೆಳಗೆ ಕೂತು ಕೇಳಿದರೆ ಇನ್ನೂ ಒಳ್ಳೆಯದು. ಮೇಲೆ ನಿಂತು ಕೇಳಿದರೆ ಅವರಿಗೆ ತಲೆಯೆತ್ತಬೇಕಾಗುತ್ತದೆ, ಅಲ್ವಾ?

ಮಂಡಿನೋವು ಬರೆದದ್ದು:

ಎಲ್ಲರೂ ನಿಂತು ನೋಡಿದವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಕೂತವರ ಕಡೆಯವನು. ವಯಸ್ಸು 74. ಹೆಸರು ಗೊತ್ತಾಗದ ಜಾಗ ಅಂತ ಧೈರ್ಯ ಮಾಡಿ ಬರೆಯುತ್ತೇನೆ.

ಹೋದ ವರ್ಷ ಬ್ಯಾಂಕಿನ ಮೆಟ್ಟಿಲಿಳಿಯುವಾಗ ಬಿದ್ದೆ. ಕನ್ನಡಕ ಎಲ್ಲೋ ಹಾರಿತು. ನಾಲ್ಕೈದು ಜನ ಓಡಿ ಬಂದರು. ಬಂದವರಿಗೆಲ್ಲ ‘ಏನಿಲ್ಲ, ಏನಿಲ್ಲ, ಹೋಗಿ’ ಅಂದೆ. ಒಬ್ಬರು ತೋಳು ಹಿಡಿದರೆ ಕೊಡವಿದೆ. ಒರಟು ಮುದುಕ ಅಂದುಕೊಂಡಿರಬೇಕು. ನಿಜ ಏನೆಂದರೆ ಬಿದ್ದ ಹೊಡೆತಕ್ಕೆ ಪ್ಯಾಂಟು ಒದ್ದೆಯಾಗಿತ್ತು. ನನ್ನನ್ನು ಎತ್ತಿ ನಿಲ್ಲಿಸಿದರೆ ಅದು ಎಲ್ಲರಿಗೂ ಕಾಣುತ್ತಿತ್ತು. ಕೂತೇ ಇರಬೇಕಿತ್ತು ನನಗೆ. ಪ್ರಪಂಚದಲ್ಲಿ ಆಗ ನನಗೆ ಬೇಕಾಗಿದ್ದದ್ದು ಅವರೆಲ್ಲ ಹೋಗುವುದು. ಮಂಡಿಯ ನೋವು ಆಮೇಲಿನ ಮಾತು.

ಹೋದರು. ಒಬ್ಬ ಹುಡುಗ ಮಾತ್ರ ಹೋಗಲಿಲ್ಲ. ಹತ್ತಿರವೂ ಬರಲಿಲ್ಲ, ಏನೂ ಕೇಳಲಿಲ್ಲ. ನನ್ನ ಮುಂದೆ ಎರಡು ಮೆಟ್ಟಿಲು ಕೆಳಗೆ ನನಗೆ ಬೆನ್ನು ಹಾಕಿ ನಿಂತು ಮೊಬೈಲ್ ನೋಡತೊಡಗಿದ. ರಸ್ತೆಯಲ್ಲಿ ಹೋಗುವವರಿಗೆ ನಾನು ಕಾಣುತ್ತಿರಲಿಲ್ಲ, ಅವನೇ ಕಾಣುತ್ತಿದ್ದ. ದೊಡ್ಡ ಬೆನ್ನು. ನೀಲಿ ಅಂಗಿ, ಹೆಗಲಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಹತ್ತು ನಿಮಿಷ ಹಾಗೇ ನಿಂತಿದ್ದ. ನಡುವೆ ಒಮ್ಮೆ ಕೈಯನ್ನು ಹಿಂದಕ್ಕೆ ಚಾಚಿದ. ಅದರಲ್ಲಿ ನನ್ನ ಕನ್ನಡಕ ಇತ್ತು. ಮುಖ ತಿರುಗಿಸಲಿಲ್ಲ. ನಾನು ಚೀಲವನ್ನು ಮುಂದೆ ಹಿಡಿದುಕೊಂಡು ಎದ್ದು, ‘ಆಯ್ತಪ್ಪ’ ಅಂದೆ. ಅವನು ‘ಹೂಂ’ ಅಂದು ನಡೆದುಬಿಟ್ಟ. ಇವತ್ತು ಎದುರಿಗೆ ಬಂದರೆ ಗುರುತು ಸಿಗುವುದಿಲ್ಲ. ಅವನ ಬೆನ್ನು ಮಾತ್ರ ಗೊತ್ತು.

ಅವನಿಗೆ ಆಗ ಒಳಗೆ ಏನನಿಸಿತು, ಕಾಳಜಿಯೋ ಸಂಕಟವೋ, ನನಗೆ ಗೊತ್ತಿಲ್ಲ. ಮನೆಗೆ ಹೋಗಲು ತಡವಾಗುತ್ತಿದೆ ಅಂತ ಬೈದುಕೊಂಡೇ ನಿಂತಿದ್ದರೂ ಇರಬಹುದು. ಇಲ್ಲಿ ಎಲ್ಲರೂ ಒಳಗಿನ ಭಾವನೆ ಅಳೆಯುತ್ತಿದ್ದೀರಿ. ಬಿದ್ದವನಿಗೆ ಅದು ಕಾಣುವುದಿಲ್ಲ ತಾಯಿ. ನೀವು ಹೋದಾಗ ಆ ಯಜಮಾನರಿಗೂ ಹಾಯೆನಿಸಿರಬಹುದು. ಅದಕ್ಕೇ ನಿಮ್ಮ ಖುಷಿಯ ವಿಷಯ ನನಗೆ ದೊಡ್ಡದಾಗಿ ಕಾಣಲಿಲ್ಲ.

ಚಪ್ಪಲಿ ಮಾತ್ರ ಎತ್ತಿಕೊಟ್ಟು ಹೋಗಬಹುದಿತ್ತು. ಬಗ್ಗಿ ಅದನ್ನು ತಗೊಳ್ಳುವುದು ನಮ್ಮ ವಯಸ್ಸಿಗೆ ದೊಡ್ಡ ಕೆಲಸ.

ನೇರಮಾತು ಬರೆದದ್ದು:

ಮಂಡಿನೋವು ಅವರೇ, ಆಫೀಸಿನಲ್ಲಿ ಕೂತು ಓದಿದೆ. ಈಗ ಏನೂ ಬರೆಯಲ್ಲ.

ಮೂರನೇ ಮಹಡಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಮಂಡಿನೋವು ಅವರೇ, ನಿಮ್ಮ ಕೊನೆಯ ಎರಡು ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮೂರು ಮೆಟ್ಟಿಲು, ಒಂದು ಚಪ್ಪಲಿ. ಮೀಟಿಂಗಿಗೆ ಏನೂ ತಡವಾಗುತ್ತಿರಲಿಲ್ಲ.

ನಿಮ್ಮದೆಲ್ಲ ಓದಿದ ಮೇಲೆ ಇವತ್ತು ಕೆಳಗೆ ಹೋಗಿ ಸೆಕ್ಯೂರಿಟಿಯವರನ್ನು ಕೇಳಿದೆ. ಅವರಿಗೆ ನೆನಪಿತ್ತು. ಸುತ್ತು ಬರುವಾಗ ನೋಡಿ, ಚಪ್ಪಲಿ ಹಾಕಿಸಿ, ಕೈ ಹಿಡಿದು ಕೆಳಗೆ ಕರೆತಂದರಂತೆ. ಕಾಲು ಉಳುಕಿತ್ತು, ಎದೆನೋವೇನೂ ಇರಲಿಲ್ಲ. ರಾತ್ರಿಪಾಳಿಯವರೇ, ನಿಮ್ಮ ಮಾತು ಓದಿದ ಮೇಲೆ ಅದನ್ನೇ ಮೊದಲು ಕೇಳಿದೆ. ನಾಲ್ಕನೇ ಮಹಡಿಯ ಆಫೀಸಿಗೆ ಪ್ರತಿ ತಿಂಗಳು ಬರುತ್ತಾರಂತೆ, ಯಾವುದೋ ಸಹಿಗೆ. ‘ಬಿದ್ದೆ ಅಂತ ಮೇಲೆ ಯಾರಿಗೂ ಹೇಳ್ಬೇಡಪ್ಪ’ ಅಂದಿದ್ದರಂತೆ.

ಲಿಫ್ಟ್ ಇನ್ನೂ ಕೆಟ್ಟೇ ಇದೆ. ಇಷ್ಟು ದಿನ ಆಯ್ತಲ್ಲ, ಯಾಕೆ ರಿಪೇರಿ ಮಾಡಿಸಿಲ್ಲ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಮೇಜಿನ ಕೆಳಗಿನಿಂದ ದೂರಿನ ಪುಸ್ತಕ ತೆಗೆದು ಮುಂದಿಟ್ಟರು. ಐದು ಮಹಡಿ, ಇನ್ನೂರಕ್ಕೂ ಜಾಸ್ತಿ ಜನ, ದಿನಾ ಆ ಮೆಟ್ಟಿಲಿಗೆ ಶಾಪ ಹಾಕಿಕೊಂಡೇ ಹತ್ತುತ್ತಿದ್ದೇವೆ. ಲಿಫ್ಟಿನ ಬಗ್ಗೆ ಅದರಲ್ಲಿ ಒಂದು ದೂರೂ ಇರಲಿಲ್ಲ. ಯಾರಾದರೂ ಬರೆದಿರುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ.

ಸೀಮೆಸುಣ್ಣ ಅವರೇ, ನಿಮ್ಮ ಹೊಗೆಯ ಕೋಣೆ ನೆನಪಾಗಿ ಅಲ್ಲೇ ನಗು ಬಂತು. ಪೆನ್ನು ಕೇಳಿದೆ. ಅದರಲ್ಲಿ ಇಂಕು ಇರಲಿಲ್ಲ. ಮೇಲೆ ಹೋಗಿ ನನ್ನದು ತಂದು ಬರೆದೆ.